ಗೋಕರ್ಣದಿಂದ ಕಾಶಿಗೆ ಹೊರಟ ಅತಿಥಿಗೆ ಏನು ಹೇಳಿ ಕಳುಹಿಸಲಿ?

ಪ್ರಶ್ನೆ: ಗೋಕರ್ಣದ ಹತ್ತಿರ ನಮ್ಮದೊಂದು ಚಿಕ್ಕ ಹೋಮ್‌ಸ್ಟೇ ಇದೆ. ಜರ್ಮನಿಯ ಮಹಿಳೆಯೊಬ್ಬರು ಆರು ವರ್ಷಗಳಿಂದ ಪ್ರತಿ ಚಳಿಗಾಲದಲ್ಲಿಯೂ ಬಂದು ನಮ್ಮಲ್ಲಿ ಉಳಿಯುತ್ತಾರೆ. ವಯಸ್ಸು ಅರವತ್ತರ ಹತ್ತಿರ. ಕಳೆದ ವರ್ಷ ಅವರ ಪತಿ ತೀರಿಕೊಂಡರು. ಈ ಸಲ ಒಬ್ಬರೇ ಕಾಶಿಗೆ ಹೋಗಿ ಕೆಲವು ದಿನ ನದಿಯ ದಡದಲ್ಲಿ ಕುಳಿತು ಬರಬೇಕು ಎನ್ನುತ್ತಿದ್ದಾರೆ. ನಾನು ಕಾಶಿ ನೋಡಿದವಳಲ್ಲ. ಅಲ್ಲಿ ಮೋಸವಂತೆ, ಕೊಳಕಂತೆ, ವಿದೇಶಿಯರನ್ನು ದೇವಸ್ಥಾನದ ಒಳಗೆ ಬಿಡುವುದಿಲ್ಲವಂತೆ ಎಂದು ಕೇಳಿ ಹೆದರಿಕೆಯಾಗಿದೆ. ಅವರಿಗೆ ಏನು ಹೇಳಲಿ? ಗಂಗೆಯಲ್ಲಿ ಸ್ನಾನ ಮಾಡಬಹುದೇ? ಇನ್ನೊಂದು ಮಾತು: ಎಂಬತ್ತನಾಲ್ಕು ವರ್ಷದ ನಮ್ಮ ಅತ್ತೆಗೆ ಅವರ ಕೈಯಲ್ಲಿ ಒಂದು ತಂಬಿಗೆ ಗಂಗೆ ತರಿಸಬೇಕೆಂಬ ಆಸೆ. ಹಾಗೆ ಕೇಳುವುದು ಸರಿಯೇ?

ಉತ್ತರ: ಮೊದಲು ನಿಮ್ಮ ಹೆದರಿಕೆಯನ್ನು ಅವರಿಗೆ ದಾಟಿಸಬೇಡಿ. ಇಪ್ಪತ್ತೆರಡು ವರ್ಷಗಳಿಂದ ಶಿರಸಿ, ಸಿದ್ದಾಪುರ, ಕುಮಟಾ ಕಡೆಯವರನ್ನು ಕಾಶಿಗೆ ಕರೆದುಕೊಂಡು ಹೋಗಿ ಬರುತ್ತಿದ್ದೇನೆ. ಹೆದರಿಕೊಂಡು ಹೊರಟವರು ಅಲ್ಲಿ ಇಡೀ ದಿನ ಚೀಲವನ್ನೇ ಕಾಯುತ್ತಾರೆ, ನದಿಯನ್ನು ನೋಡುವುದೇ ಇಲ್ಲ. ನಿಮ್ಮ ಅತಿಥಿಗೆ ಬೇಕಾದ ಅರ್ಧ ಪಾಠವನ್ನು ಗೋಕರ್ಣವೇ ಈಗಾಗಲೇ ಕಲಿಸಿದೆ. ಕೋಟಿತೀರ್ಥದ ಮೆಟ್ಟಿಲ ಮೇಲೆ ಯಾರಾದರೂ ತಲೆ ಬೋಳಿಸಿಕೊಂಡು ಪಿಂಡ ಹಾಕುತ್ತಿದ್ದರೆ ಊರಿನವರು ಹೇಗೆ ಸದ್ದು ಮಾಡದೆ ಆಚೆ ಬದಿಯಿಂದ ಹಾದುಹೋಗುತ್ತಾರೆ ಎಂಬುದನ್ನು ಅವರು ಆರು ವರ್ಷ ನೋಡಿದ್ದಾರೆ. ಓಂ ಬೀಚಿನ ಉಡುಪಿನಲ್ಲಿ ರಥಬೀದಿಗೆ ಬರಬಾರದೆಂದು ನೀವೇ ಅವರಿಗೆ ಹೇಳಿರುತ್ತೀರಿ. ಕಾಶಿಯಲ್ಲಿ ಬೇಕಾಗುವುದು ಅದೇ ನಡವಳಿಕೆ. ಅಲ್ಲಿ ಅದು ಆರೇಳು ಕಿಲೋಮೀಟರ್ ಉದ್ದಕ್ಕೂ ಬೇಕು, ಬೆಳಗಿನಿಂದ ರಾತ್ರಿಯವರೆಗೂ ಬೇಕು.

ಊರು ಹೇಗಿದೆ ಎಂಬುದನ್ನು ಒಂದು ಕಾಗದದ ಮೇಲೆ ಗೀಚಿ ತೋರಿಸಿ. ವರುಣಾ ಮತ್ತು ಅಸ್ಸೀ ಎಂಬ ಎರಡು ಸಣ್ಣ ನದಿಗಳ ನಡುವಿನ ಊರಾದ್ದರಿಂದ ವಾರಾಣಸಿ ಎಂದು ಹೇಳುತ್ತಾರೆ. ಹಿಮಾಲಯದಿಂದ ಇಳಿದು ಪೂರ್ವಕ್ಕೆ ಸಾಗುವ ಗಂಗೆ ಇಲ್ಲಿ ತಿರುಗಿ ಉತ್ತರಕ್ಕೆ ಹರಿಯುತ್ತಾಳೆ. ಉತ್ತರವಾಹಿನಿ ಎಂದು ನಮ್ಮ ಹಿರಿಯರು ಕೈ ಮುಗಿಯುತ್ತಿದ್ದುದು ಇದಕ್ಕೇ. ಊರೆಲ್ಲ ಪಶ್ಚಿಮ ದಡದಲ್ಲಿದೆ, ಎಂಬತ್ತನಾಲ್ಕು ಘಾಟುಗಳೂ ಪೂರ್ವಕ್ಕೆ ಮುಖ ಮಾಡಿವೆ. ಎದುರು ದಡದಲ್ಲಿ ಬೇಸಿಗೆಯಲ್ಲಿ ಬರೀ ಮರಳು, ಕಟ್ಟಡಗಳಿಲ್ಲ. ಹಾಗಾಗಿ ಸೂರ್ಯ ಹುಟ್ಟುವಾಗ ಬೆಳಕು ನೇರವಾಗಿ ನೀರಿನ ಮೇಲೆ ಬಂದು ಮೆಟ್ಟಿಲಿಗೆ ಬೀಳುತ್ತದೆ. ಸಂಜೆ ಕುಡ್ಲೆ ತೀರದಲ್ಲಿ ಸೂರ್ಯ ಮುಳುಗುವುದನ್ನು ನೋಡುತ್ತ ಕೂರುವ ಅಭ್ಯಾಸ ಅವರಿಗಿದ್ದರೆ, ಅಲ್ಲಿ ಆ ಹೊತ್ತು ಬೆಳಗ್ಗೆಗೆ ಬದಲಾಗುತ್ತದೆ ಎಂದು ಹೇಳಿ. ಐದು ಗಂಟೆಗೆ ಏಳದವರಿಗೆ ಕಾಶಿ ಅರ್ಧವೂ ಸಿಗುವುದಿಲ್ಲ.

ಯಾವಾಗ ಹೋಗಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಖಚಿತ: ಫೆಬ್ರವರಿ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಉತ್ತರದ ಮಂಜು ಎಷ್ಟು ದಟ್ಟವಾಗಿರುತ್ತದೆಂದರೆ ರೈಲುಗಳು ಹತ್ತು ಹನ್ನೆರಡು ಗಂಟೆ ತಡವಾಗುತ್ತವೆ, ವಿಮಾನಗಳು ರದ್ದಾಗುತ್ತವೆ. ಕರಾವಳಿಯಲ್ಲಿ ತೆಳು ಹತ್ತಿಬಟ್ಟೆಯಲ್ಲಿ ಓಡಾಡುವವರಿಗೆ ಅಲ್ಲಿ ಸ್ವೆಟರ್ ಮೇಲೆ ಶಾಲು ಬೇಕಾಗುತ್ತದೆ. ಮೇ ತಿಂಗಳ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಮಳೆಗಾಲದಲ್ಲಿ ನೀರು ಏರಿ ಘಾಟುಗಳೇ ಮುಳುಗುತ್ತವೆ, ದೋಣಿ ನಿಲ್ಲಿಸುತ್ತಾರೆ, ಒಂದು ಘಾಟಿನಿಂದ ಇನ್ನೊಂದಕ್ಕೆ ನಡೆದು ಹೋಗಲು ದಾರಿಯೇ ಇರುವುದಿಲ್ಲ. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿ ನೋಡಲು ಚೆಂದ, ಆದರೆ ದುಃಖ ಹೊತ್ತು ಒಬ್ಬರೇ ಕೂರಲು ಬಂದವರಿಗೆ ಆ ಜನಜಂಗುಳಿ ತಕ್ಕುದಲ್ಲ. ಮಹಾಶಿವರಾತ್ರಿಯ ವಾರವನ್ನೂ ಬಿಡಲಿ. ಆ ಹಬ್ಬಕ್ಕೆ ಅವರು ಗೋಕರ್ಣದಲ್ಲೇ ಇದ್ದು ನಿಮ್ಮ ಜೊತೆ ಮಹಾಬಲೇಶ್ವರನ ತೇರು ನೋಡಲಿ.

ದಾರಿಯ ವಿಷಯ. ಗೋಕರ್ಣ ರೋಡ್‌ನಿಂದ ನೇರ ರೈಲಿಲ್ಲ. ಅಂಕೋಲಾ, ಯಲ್ಲಾಪುರದ ಮೇಲೆ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದರೆ ಅಲ್ಲಿಂದ ವಾರಾಣಸಿಗೆ ವಾರಕ್ಕೊಮ್ಮೆ ರೈಲು ಇದೆ. ಒಂದೂವರೆ ದಿನಕ್ಕಿಂತ ಹೆಚ್ಚಿನ ಪ್ರಯಾಣ. ಅವರ ವಯಸ್ಸಿಗೆ ಬೆಂಗಳೂರಿನಿಂದ ವಿಮಾನವೇ ಒಳ್ಳೆಯದು. ಬಾಬತ್‌ಪುರದ ವಿಮಾನ ನಿಲ್ದಾಣ ಊರಿನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿದೆ. ರೈಲೇ ಬೇಕೆಂದರೆ ವಿದೇಶಿ ಪ್ರವಾಸಿಗರ ಕೋಟಾದಲ್ಲಿ 365 ದಿನ ಮುಂಚೆಯೇ ಟಿಕೆಟ್ ಕಾಯ್ದಿರಿಸಬಹುದು. ನಮಗಿರುವುದು 60 ದಿನ ಮಾತ್ರ. ನಿಲ್ದಾಣದ ಹೆಸರನ್ನು ಬರೆದೇ ಕೊಡಿ. ವಾರಾಣಸಿ ಜಂಕ್ಷನ್ ಬೇರೆ, 2021ರವರೆಗೆ ಮಂಡುವಾಡೀಹ್ ಎಂದು ಕರೆಯುತ್ತಿದ್ದ ಬನಾರಸ್ ನಿಲ್ದಾಣ ಬೇರೆ, ಕಾಶಿ ಎಂಬ ಹೆಸರಿನ ಸಣ್ಣ ನಿಲ್ದಾಣ ಇನ್ನೂ ಬೇರೆ. ಹಳೆಯ ಮೊಘಲ್‌ಸರಾಯ್, ಈಗಿನ ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್, ನದಿಯ ಆಚೆಗಿದೆ. ನಮ್ಮ ತಂಡದಲ್ಲಿಯೇ ಒಮ್ಮೆ ಇಬ್ಬರು ಹಿರಿಯರು ತಪ್ಪು ನಿಲ್ದಾಣದಲ್ಲಿ ಇಳಿದು ಅರ್ಧ ದಿನ ನಮಗೆ ಜೀವ ಕೈಯಲ್ಲಿ ಹಿಡಿಯುವಂತಾಗಿತ್ತು.

ವಸತಿಯ ಬಗ್ಗೆ ನಿಮಗೆ ಗೊತ್ತಿರುವ ವಿಷಯವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ನೀವು ಅವರ ವಿವರವನ್ನು ಸರ್ಕಾರಕ್ಕೆ ತಿಳಿಸುವ ಫಾರಂ (ಫಾರಂ ಸಿ ಎಂದು ರೂಢಿ) ತುಂಬುತ್ತೀರಲ್ಲವೇ? ಕಾಶಿಯ ಎಷ್ಟೋ ಧರ್ಮಶಾಲೆಗಳು, ಅಗ್ಗದ ಲಾಡ್ಜ್‌ಗಳು ಅದನ್ನು ತುಂಬುವ ವ್ಯವಸ್ಥೆ ಇಟ್ಟುಕೊಂಡಿಲ್ಲ. ಅಂತಹ ಕಡೆ ರಾತ್ರಿ ಹತ್ತು ಗಂಟೆಗೆ ಹೋಗಿ ನಿಂತರೆ ಬಾಗಿಲಲ್ಲೇ ತಿರುಗಿಸಿ ಕಳುಹಿಸುತ್ತಾರೆ. ಆದ್ದರಿಂದ ಮೊದಲೇ ಫೋನ್ ಮಾಡಿ, ವಿದೇಶಿಯರನ್ನು ಇಟ್ಟುಕೊಳ್ಳುತ್ತೀರಾ ಎಂದು ಕೇಳಿಯೇ ಮುಂಗಡ ಕೊಡಲಿ. ಅಸ್ಸೀ ಘಾಟಿನಿಂದ ಕೇದಾರ ಘಾಟಿನವರೆಗಿನ ಭಾಗ ಅವರಿಗೆ ಹೊಂದುತ್ತದೆ ಎಂದು ನನ್ನ ಎಣಿಕೆ. ಅಸ್ಸೀಯ ಕಡೆ ಗಲಾಟೆ ಕಡಿಮೆ. ಹನುಮಾನ್ ಘಾಟ್, ಅದರ ಪಕ್ಕದ ಕರ್ನಾಟಕ ಘಾಟ್, ಮುಂದೆ ಕೇದಾರ, ಇವೆಲ್ಲ ದಕ್ಷಿಣದವರು ತಲೆಮಾರುಗಳಿಂದ ನೆಲೆಸಿದ ಕೇರಿಗಳು. ಬೆಳಗ್ಗೆ ಇಡ್ಲಿ ಸಿಗುತ್ತದೆ, ಒಂದೆರಡು ಕನ್ನಡ ಮಾತು ಕಿವಿಗೆ ಬಿದ್ದರೂ ಬೀಳಬಹುದು. ನಿಮ್ಮ ಮನೆಯ ಊಟಕ್ಕೆ ಒಗ್ಗಿದವರಿಗೆ ಅದೂ ಒಂದು ಆಸರೆ. ಹಳೆಯ ಮನೆಗಳಲ್ಲಿ ಲಿಫ್ಟ್ ಇರುವುದಿಲ್ಲ, ಓಣಿಗಳಲ್ಲಿ ಚಕ್ರದ ಪೆಟ್ಟಿಗೆ ಉರುಳುವುದಿಲ್ಲ. ಬೆನ್ನಿಗೆ ಹಾಕುವ ಚೀಲ ಸಾಕು.

ದೇವಸ್ಥಾನದ ಪ್ರವೇಶದ ಬಗ್ಗೆ ನೀವು ಕೇಳಿದ್ದು ಪೂರ್ತಿ ನಿಜವಲ್ಲ. ನಮ್ಮ ಮಹಾಬಲೇಶ್ವರ ದೇವಸ್ಥಾನದಲ್ಲಿ ವಿದೇಶಿಯರಿಗೆ ಗರ್ಭಗುಡಿಯ ಪ್ರವೇಶವಿಲ್ಲ, ಅದು ಅವರಿಗೆ ಗೊತ್ತು. ಕಾಶಿ ವಿಶ್ವನಾಥನಲ್ಲಿ ವಿದೇಶಿಯರು ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗುವ ರೂಢಿಯಿದೆ. ಮೂಲ ಪಾಸ್‌ಪೋರ್ಟೇ ಕೈಯಲ್ಲಿರಲಿ, ನಕಲು ಸಾಲದು. ಮೊಬೈಲ್, ಕ್ಯಾಮೆರಾ, ಪೆನ್ನನ್ನು ಕೂಡ ಲಾಕರಿನಲ್ಲಿ ಇಡಬೇಕು. ಪಕ್ಕದಲ್ಲೇ ಜ್ಞಾನವಾಪಿ ಮಸೀದಿ ಇರುವುದರಿಂದ ಆ ಸುತ್ತ ಪೊಲೀಸ್ ಕಾವಲು ಬಿಗಿ. ತಪಾಸಣೆಗೆ ಬೇಸರಿಸಬಾರದು, ತಡೆದ ದಿನ ವಾದಿಸದೆ ಹಿಂದಿರುಗಿ ಮಾರನೆಯ ದಿನ ಹೋಗಬೇಕು. ಈಗಿರುವ ಗುಡಿಯನ್ನು 1780ರಲ್ಲಿ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದರು, ಶಿಖರದ ಚಿನ್ನ ಮಹಾರಾಜಾ ರಣಜಿತ್ ಸಿಂಗ್ ಕೊಟ್ಟದ್ದು. ಮೊದಲು ಇಕ್ಕಟ್ಟಿನ ಓಣಿಯಲ್ಲಿ ನುಸುಳಿ ಹೋಗಬೇಕಿತ್ತು, 2021ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಕಾರಿಡಾರ್‌ನಿಂದ ನದಿಯಿಂದಲೇ ಗುಡಿಗೆ ನಡೆದು ಹೋಗಬಹುದಾಗಿದೆ. ಆ ಓಣಿಗಳನ್ನು ನಡೆದವನಿಗೆ ಅವು ಹೋದವಲ್ಲ ಎಂಬ ನೋವು ಇದೆ, ಊರುಗೋಲು ಹಿಡಿದ ಅಜ್ಜಿಯರು ಈಗ ಸುಲಭವಾಗಿ ಹೋಗುವುದನ್ನು ಕಂಡು ಸಮಾಧಾನವೂ ಇದೆ. ಸೋಮವಾರ ಬೇಡ, ಜನ ಹೆಚ್ಚು. ಇಷ್ಟಾಗಿಯೂ ಒಳಗೆ ಹೋಗಲಾಗದಿದ್ದರೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿರುವ ಹೊಸ ವಿಶ್ವನಾಥ ಮಂದಿರಕ್ಕೆ ಹೋಗಲಿ. ಅಲ್ಲಿ ಜಾತಿ, ಮತ, ದೇಶ ಯಾವುದನ್ನೂ ಕೇಳುವುದಿಲ್ಲ. ಮರಗಳ ನೆರಳಿನ ದಾರಿ, ಅಮೃತಶಿಲೆಯ ಗೋಡೆ, ಕೂರಲು ಜಾಗ, ಎಲ್ಲ ಇದೆ.

ಈಗ ಸುಡುವ ಘಾಟುಗಳ ಮಾತು. ಇಲ್ಲಿ ನಿಧಾನವಾಗಿ ಬರೆಯುತ್ತೇನೆ, ನೀವೂ ನಿಧಾನವಾಗಿ ಅವರಿಗೆ ಹೇಳಿ.

ಶವ ಸುಡುವ ಘಾಟುಗಳು ಎರಡು. ದಕ್ಷಿಣಕ್ಕೆ ಹರಿಶ್ಚಂದ್ರ, ವಿಶ್ವನಾಥನ ಗುಡಿಯ ಬಳಿ ಮಣಿಕರ್ಣಿಕಾ. ಮಣಿಕರ್ಣಿಕೆಯಲ್ಲಿ ಹಗಲು ರಾತ್ರಿ ಚಿತೆ ಆರುವುದಿಲ್ಲ. ಅಲ್ಲಿನ ಬೆಂಕಿಯನ್ನು ಕಾಯ್ದುಕೊಂಡು ಬಂದವರು ಡೋಮ್ ಸಮುದಾಯದವರು, ಅವರಿಂದ ಬೆಂಕಿ ಪಡೆದೇ ಚಿತೆಗೆ ಇಡಬೇಕು. ಕಾಶಿಯಲ್ಲಿ ಸತ್ತವರ ಕಿವಿಯಲ್ಲಿ ಶಿವನೇ ತಾರಕ ಮಂತ್ರ ಹೇಳುತ್ತಾನೆ ಎಂಬುದನ್ನು ನಾವೆಲ್ಲ ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದಿದ್ದೇವೆ. ನಿಮ್ಮ ಅತಿಥಿಗೆ ಇದನ್ನು ನೀವೇ ಹೇಳಬೇಕು. ಪುಸ್ತಕದಲ್ಲಿ ಓದುವುದಕ್ಕೂ, ನಿಮ್ಮ ಅಡಿಗೆಮನೆಯ ಜಗುಲಿಯಲ್ಲಿ ಕುಳಿತು ನಿಮ್ಮ ಬಾಯಲ್ಲಿ ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಬಿಹಾರದ, ಪೂರ್ವ ಉತ್ತರ ಪ್ರದೇಶದ ಹಳ್ಳಿಗಳಿಂದ ಜನ ಸಾಲ ಮಾಡಿ ಅಪ್ಪನ ಹೆಣವನ್ನು ಗಾಡಿಯ ಮೇಲೆ ಕಟ್ಟಿಕೊಂಡು ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿರುತ್ತಾರೆ. ‘ರಾಮ ನಾಮ ಸತ್ಯ ಹೈ’ ಎನ್ನುತ್ತ ಓಣಿಯಲ್ಲಿ ಓಡುನಡಿಗೆಯಲ್ಲಿ ಬರುತ್ತಾರೆ. ಆ ಧ್ವನಿ ಕೇಳಿದ ಕೂಡಲೇ ಗೋಡೆಗೆ ಒತ್ತಿ ನಿಂತು ದಾರಿ ಬಿಡಬೇಕು. ಫೋನ್ ಹೊರಗೆ ತೆಗೆಯಲೇಬಾರದು. ದೋಣಿಯಲ್ಲಿದ್ದರೂ ತೆಗೆಯಬಾರದು, ದೂರದಿಂದಲೂ ತೆಗೆಯಬಾರದು. ಯಾರೋ ಹಣ ಕೊಟ್ಟರೆ ಫೋಟೊಗೆ ಬಿಡುತ್ತೇನೆ ಎಂದರೆ, ಆ ಅನುಮತಿ ಕೊಡುವ ಅಧಿಕಾರ ಅವನಿಗಿಲ್ಲ. ಆ ಹೆಣ ಅವನ ಅಪ್ಪನದಲ್ಲ.

ಮಣಿಕರ್ಣಿಕೆಯ ಸುತ್ತ ಒಂದು ಹಳೆಯ ಮೋಸ ನಡೆಯುತ್ತದೆ. ಮೃದುವಾಗಿ ಮಾತನಾಡುವ ಒಬ್ಬಾತ ಬಂದು, ತಾನು ಸಾಯುವವರ ಆಶ್ರಮದ ಸೇವಕ ಎನ್ನುತ್ತಾನೆ, ಮೇಲಿನ ಕಟ್ಟೆಯಿಂದ ಚೆನ್ನಾಗಿ ಕಾಣುತ್ತದೆ ಬನ್ನಿ ಎನ್ನುತ್ತಾನೆ. ಅಲ್ಲಿ ಮುದುಕಿಯೊಬ್ಬಳು ತಲೆಯ ಮೇಲೆ ಕೈಯಿಟ್ಟು ಹರಸುತ್ತಾಳೆ. ಆಮೇಲೆ ಬಡವರ ಚಿತೆಗೆ ಕಟ್ಟಿಗೆ ಬೇಕು, ಕಿಲೋಗೆ ಇಷ್ಟು, ಎಷ್ಟು ಕಿಲೋ ಕೊಡುತ್ತೀರಿ, ಕೊಡದಿದ್ದರೆ ಕರ್ಮ ಸುತ್ತಿಕೊಳ್ಳುತ್ತದೆ ಎಂದು ಶುರುವಾಗುತ್ತದೆ. ಗಂಡನನ್ನು ಕಳೆದುಕೊಂಡವರ ಮುಖ ಇಂಥವರಿಗೆ ದೂರದಿಂದಲೇ ಗೊತ್ತಾಗುತ್ತದೆ, ನನಗೆ ಚಿಂತೆಯಿರುವುದು ಇದೊಂದರ ಬಗ್ಗೆಯೇ. ಕಾಶಿಯಲ್ಲಿ ಸಾವಿಗೆ ಕಾಯುವವರ ಮುಕ್ತಿ ಭವನ ನಿಜವಾಗಿಯೂ ಇದೆ, ಅಲ್ಲಿಯವರು ಪ್ರವಾಸಿಗರ ಕೈ ಹಿಡಿದು ಎಳೆಯುವುದಿಲ್ಲ. ನಿಮ್ಮ ಅತಿಥಿ ಮೊದಲ ಸಲ ಮಣಿಕರ್ಣಿಕೆಗೆ ಹೋಗುವಾಗ ವಸತಿಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಲಿ, ಅಥವಾ ದೋಣಿಯಿಂದ ನೋಡಿ ಕೈ ಮುಗಿದು ಮುಂದೆ ಸಾಗಲಿ. ಅದನ್ನು ನೋಡಲೇಬೇಕು ಎಂದೇನೂ ಇಲ್ಲ. ಹೊಗೆಯ ವಾಸನೆ ಬಂದ ಕೂಡಲೇ ಎದ್ದು ಹೋಗಬೇಕೆನಿಸಿದರೆ ಎದ್ದು ಹೋಗಲಿ.

ಇನ್ನೊಂದು ಸಿಕ್ಕು ಸ್ನಾನಘಟ್ಟದ ಸಂಕಲ್ಪದ್ದು. ಯಾರೋ ಹಣೆಗೆ ತಿಲಕ ಇಟ್ಟು ಕೈಗೆ ಹೂವು, ನೀರು ಕೊಟ್ಟು ಸತ್ತವರ ಹೆಸರು ಕೇಳುತ್ತಾರೆ, ತಮ್ಮ ಹಿಂದೆ ಮಂತ್ರ ಹೇಳಿಸುತ್ತಾರೆ, ಮಂತ್ರದ ನಡುವೆಯೇ ಇಷ್ಟು ಸಾವಿರ ದಾನ ಕೊಡುತ್ತೇನೆ ಎಂದು ಬಾಯಲ್ಲಿ ಹೇಳಿಸಿಬಿಡುತ್ತಾರೆ. ನಮ್ಮ ಜಿಲ್ಲೆಯ ಯಾತ್ರಿಕರೂ ಇದರಲ್ಲಿ ಸಿಕ್ಕಿಬಿದ್ದುದನ್ನು ಕಂಡಿದ್ದೇನೆ, ಭಾಷೆ ಬಾರದವರ ಪಾಡು ಕೇಳಬೇಕೇ. ಕೈ ನೀಡುವ ಮೊದಲೇ ‘ನಹೀ ಭಯ್ಯಾ’ ಎಂದು ನಗುತ್ತ ಹೇಳಿ ನಡೆಯುವುದನ್ನು ಅವರು ಅಭ್ಯಾಸ ಮಾಡಿಕೊಳ್ಳಲಿ. ಪತಿಯ ಹೆಸರಿನಲ್ಲಿ ಏನಾದರೂ ಮಾಡಬೇಕೆಂಬ ಆಸೆ ಅವರಿಗಿದ್ದರೆ ನನಗೆ ತೋಚುವುದು ಒಂದೇ: ಸಂಜೆ ಹತ್ತು ಇಪ್ಪತ್ತು ರೂಪಾಯಿಗೆ ಎಲೆಯ ದೊನ್ನೆಯಲ್ಲಿ ಹೂವು ಮತ್ತು ದೀಪ ಮಾರುವ ಮಕ್ಕಳಿರುತ್ತಾರೆ. ಒಂದು ಕೊಂಡು, ಮೆಟ್ಟಿಲಿಳಿದು, ತಮ್ಮದೇ ಭಾಷೆಯಲ್ಲಿ ಹೇಳಬೇಕಾದ್ದನ್ನು ಹೇಳಿ ನೀರಿನ ಮೇಲೆ ಬಿಡಲಿ. ಅದಕ್ಕೆ ಪುರೋಹಿತರು ಬೇಡ, ಗೋತ್ರವೂ ಬೇಡ. ಶ್ರಾದ್ಧವನ್ನೇ ಮಾಡಿಸಬೇಕು ಎಂದು ಹಟ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಅರ್ಥ ತಿಳಿಯದ ಮಂತ್ರಕ್ಕೆ ಹಣ ಕೊಟ್ಟು ಬಂದವರು ಆಮೇಲೆ ಖಾಲಿಯಾಗಿ ಕುಳಿತಿದ್ದನ್ನು ನೋಡಿದ್ದೇನೆ.

ಸ್ನಾನ ಮಾಡಬಹುದೇ ಎಂದರೆ, ತಡೆಯುವವರು ಯಾರೂ ಇಲ್ಲ. ಆದರೆ ನೀರಿನ ಸ್ಥಿತಿಯನ್ನು ಮುಚ್ಚಿಡಲಾರೆ. ಊರಿನ ಕೊಳಚೆಯ ಒಂದು ಪಾಲು ಇಂದಿಗೂ ನದಿಗೆ ಸೇರುತ್ತದೆ, ಸ್ನಾನಕ್ಕೆ ತಕ್ಕ ಮಟ್ಟಕ್ಕಿಂತ ಹೆಚ್ಚು ರೋಗಾಣುಗಳು ನೀರಿನಲ್ಲಿವೆ. ನಮ್ಮವರು ತಾಯಿಯೆಂದು ಮುಳುಗುತ್ತೇವೆ, ತಾಯಿಯ ಮೈಗೆ ಕೊಳಚೆ ಬಿಡುವುದೂ ನಾವೇ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಅವರು ಮುಳುಗಲೇಬೇಕೆಂದರೆ ಸೂರ್ಯ ಹುಟ್ಟುವ ಹೊತ್ತಿಗೆ, ಅಸ್ಸೀಯ ಮೆಟ್ಟಿಲುಗಳ ಬದಲು ದೋಣಿಯಲ್ಲಿ ಆಚೆ ಮರಳ ದಡಕ್ಕೆ ಹೋಗಿ, ಮೊಣಕಾಲು ನೀರಿನಲ್ಲಿ ನಿಂತು ಮೂರು ಚೆಂಬು ಹೊಯ್ದುಕೊಳ್ಳಲಿ. ಬಾಯಿಗೆ ಹೋಗಬಾರದು, ಕಾಲಿನಲ್ಲಿ ಗಾಯವಿರಬಾರದು. ಸಲ್ವಾರ್ ಕಮೀಜ್ ತೊಟ್ಟೇ ಇಳಿಯಬೇಕು, ಈಜುಡುಪು ಕೂಡದು. ಪಾಚಿಗಟ್ಟಿದ ಮೆಟ್ಟಿಲು ಬಹಳ ಜಾರುತ್ತದೆ, ಸೆಳೆತವೂ ಇದೆ. ಕೈ ಕಾಲು ತೊಳೆದು ತಲೆಗೆ ನಾಲ್ಕು ಹನಿ ಪ್ರೋಕ್ಷಿಸಿಕೊಂಡರೂ ಗಂಗಾಸ್ನಾನವೇ ಎಂದು ನಮ್ಮ ಜೊತೆ ಬರುವ ಭಟ್ಟರು ಹೇಳುತ್ತಾರೆ, ನಾನೂ ಹಾಗೆಯೇ ನಂಬಿದ್ದೇನೆ.

ದಶಾಶ್ವಮೇಧ ಘಾಟಿನ ಸಂಜೆಯ ಆರತಿಯನ್ನು ಒಮ್ಮೆ ನೋಡಲಿ, ಒಂದು ಗಂಟೆ ಮುಂಚೆ ಹೋದರೆ ಕೂರಲು ಜಾಗ ಸಿಗುತ್ತದೆ. ಬೆಳಗಿನ ಅಸ್ಸೀಯ ಆರತಿ ನನಗೆ ಅದಕ್ಕಿಂತ ಹೆಚ್ಚು ಪ್ರಿಯ. ಕತ್ತಲೆ ಇರುವಾಗಲೇ ಶುರುವಾಗಿ, ಆರತಿ ಮುಗಿದ ಮೇಲೆ ಯಾರೋ ಒಬ್ಬ ಗಾಯಕರು ಬೆಳಗಿನ ರಾಗ ಹಾಡುತ್ತಾರೆ, ಅಷ್ಟರಲ್ಲಿ ಬೆಳಕು ಹರಿಯುತ್ತದೆ. 2014ರಿಂದ ಇದು ನಡೆದು ಬಂದಿದೆ. ಅಲ್ಲಿಂದ ದಶಾಶ್ವಮೇಧದವರೆಗೆ ಘಾಟುಗಳ ಮೇಲೇ ನಡೆದರೆ ಮುಕ್ಕಾಲು ಗಂಟೆ. ತುಲಸೀದಾಸರು ಇದ್ದ ತುಲಸೀ ಘಾಟ್, ಕೆಂಪು ಬಿಳಿ ಪಟ್ಟೆಯ ಕೇದಾರೇಶ್ವರ, ಬಟ್ಟೆ ಒಗೆಯುವ ಮಡಿವಾಳರು, ಗಾಳಿಪಟ ಹಾರಿಸುವ ಮಕ್ಕಳು ಎಲ್ಲ ಆ ದಾರಿಯಲ್ಲಿ ಸಿಗುತ್ತಾರೆ. ದೋಣಿ ಹತ್ತುವ ಮೊದಲು ದರ ಒಬ್ಬರಿಗೋ ಇಡೀ ದೋಣಿಗೋ, ಎಷ್ಟು ಹೊತ್ತಿಗೋ ಎಂದು ಕೇಳಿಯೇ ಹತ್ತಬೇಕು. ಮೋಟಾರು ದೋಣಿಗಿಂತ ಹುಟ್ಟು ಹಾಕುವ ದೋಣಿ ಆರಿಸಿಕೊಳ್ಳಲಿ. ನೀರಿನ ಸದ್ದು ಕೇಳುವುದು ಅದರಲ್ಲಿ ಮಾತ್ರ.

ಸಣ್ಣಪುಟ್ಟ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ರಿಕ್ಷಾದವನು ಕರೆದೊಯ್ಯುವ ರೇಷ್ಮೆ ಅಂಗಡಿಗೆ ಹೋಗುವುದು ಬೇಡ, ಅವನ ಕಮಿಷನ್ ಸೀರೆಯ ಬೆಲೆಗೆ ಸೇರಿರುತ್ತದೆ. ಠಂಡಾಯಿ ಎಂಬ ಹಾಲಿನ ಪಾನೀಯ ಕೇಳುವಾಗ ಭಾಂಗ್ (ಅಮಲೇರಿಸುವ ಸೊಪ್ಪು) ಬೇಡ ಎಂದು ಸ್ಪಷ್ಟವಾಗಿ ಹೇಳಬೇಕು. ಚಳಿಗಾಲದಲ್ಲಿ ಮಾತ್ರ ಮಾಡುವ ಮಲೈಯೊ ಎಂಬ ಹಾಲಿನ ನೊರೆಯ ಸಿಹಿಯನ್ನು ತಪ್ಪಿಸಬಾರದು. ಯುಪಿಐ ಇಲ್ಲದವರಾದ್ದರಿಂದ ಹತ್ತು, ಇಪ್ಪತ್ತರ ನೋಟುಗಳ ಕಟ್ಟು ಬೇಕು. ರಾತ್ರಿ ಒಂಬತ್ತರ ಮೇಲೆ ಖಾಲಿ ಘಾಟುಗಳಲ್ಲಿ ಒಬ್ಬರೇ ಅಲೆಯಬಾರದು. ತುರ್ತಿಗೆ 112, ಪ್ರವಾಸೋದ್ಯಮ ಸಚಿವಾಲಯದ ಸಹಾಯವಾಣಿ 1363. ಇದರಲ್ಲಿ ಜರ್ಮನ್ ಭಾಷೆಯಲ್ಲಿಯೂ ಉತ್ತರಿಸುತ್ತಾರೆ.

ಐದು ದಿನಕ್ಕಿಂತ ಕಡಿಮೆಗೆ ಹೋಗುವುದಾದರೆ ಹೋಗದಿರುವುದೇ ಲೇಸು. ಮೊದಲ ಎರಡು ದಿನ ಹಾರ್ನು, ಗೂಳಿ, ಸಗಣಿ, ಮಾರುವವರ ಕಾಟ ಇಷ್ಟೇ ಕಾಣುತ್ತದೆ. ಮೂರನೆಯ ದಿನ ಸಾರನಾಥಕ್ಕೆ ಹೋಗಿ ಬರಲಿ, ಹತ್ತು ಕಿಲೋಮೀಟರ್ ಅಷ್ಟೆ. ಬುದ್ಧ ಮೊದಲ ಬೋಧನೆ ಮಾಡಿದ ಜಾಗ, ಹುಲ್ಲುಹಾಸು, ಧಮೇಕ್ ಸ್ತೂಪ, ನಿಶ್ಶಬ್ದ. ಹೊರಡುವ ಮುಂಚೆ ಅವರ ಕೈಗೆ ಒಂದು ರೂಪಾಯಿ ನಾಣ್ಯ ಕೊಟ್ಟು ಸಿಂಹಗಳನ್ನು ತೋರಿಸಿ, ಇದರ ಮೂಲ ಅಲ್ಲಿನ ಮ್ಯೂಸಿಯಂನಲ್ಲಿದೆ ಎನ್ನಿ. ಶುಕ್ರವಾರ ಮ್ಯೂಸಿಯಂ ಮುಚ್ಚಿರುತ್ತದೆ. ಅಲ್ಲಿಂದ ಹಿಂದಿರುಗಿದ ಮೇಲೆ ಕಾಶಿ ಬೇರೆಯಾಗಿಯೇ ಕಾಣುತ್ತದೆ. ನಾಲ್ಕನೆಯ ದಿನ ಚಹಾದವನು ಕೇಳದೆಯೇ ಲೋಟ ತಂದಿಡುತ್ತಾನೆ, ಮಾರುವವರೂ ಬೆನ್ನು ಹತ್ತುವುದನ್ನು ಬಿಡುತ್ತಾರೆ. ಅವರು ಬಯಸಿದ ಕುಳಿತಿರುವಿಕೆ ಆಗ ಸಿಗುತ್ತದೆ.

ನಿಮ್ಮ ಅತ್ತೆಯವರ ಗಂಗೆಯ ವಿಷಯ. ಧಾರಾಳವಾಗಿ ಕೇಳಿ. ಗಂಗೆಗೆ ಮೈಲಿಗೆಯಿಲ್ಲ, ತಂದವರ ಕುಲ ಕೇಳಿ ಅವಳು ಬರುವುದಿಲ್ಲ. ಗಂಗಾವಳಿಯಲ್ಲಿ ಗಂಗಾಮಾತೆಯ ಗುಡಿ ಇಟ್ಟುಕೊಂಡ ಊರಿನವರು ನೀವು, ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಅತ್ತೆಯವರನ್ನು ಒಂದು ಮಾತು ಕೇಳಿಕೊಳ್ಳಿ. ಕಾಶಿಯ ಮಣ್ಣು, ನೀರು ಹೊರಗೆ ತರಬಾರದು, ಮುಕ್ತಿಗೆಂದು ಅಲ್ಲಿರುವ ಜೀವಗಳನ್ನು ಹೊರಗೆ ಎಳೆದ ಹಾಗಾಗುತ್ತದೆ, ಗಂಗೆಯನ್ನು ಪ್ರಯಾಗದಿಂದಲೇ ತರಬೇಕು ಎಂಬ ನಂಬಿಕೆ ಕೆಲವು ಮನೆಗಳಲ್ಲಿ ಬಲವಾಗಿದೆ. ಹಾಗಿಲ್ಲದಿದ್ದರೆ ವಿಶ್ವನಾಥನ ಗುಡಿಯ ಹತ್ತಿರದ ಅಂಗಡಿಗಳಲ್ಲಿ ಬೆಸುಗೆ ಹಾಕಿದ ತಾಮ್ರದ ಪುಟ್ಟ ತಂಬಿಗೆ ಸಿಗುತ್ತದೆ. ಪ್ರಯಾಗದ್ದೇ ಬೇಕೆಂದರೆ ಪ್ರಯಾಗರಾಜ್ ಕಾಶಿಯಿಂದ ಸುಮಾರು 120 ಕಿಲೋಮೀಟರ್, ಬೆಳಗಿನ ರೈಲಿಗೆ ಹೋಗಿ ದೋಣಿಯಲ್ಲಿ ಸಂಗಮ ಮುಟ್ಟಿ ಸಂಜೆಗೆ ಮರಳಬಹುದು. ವಿಮಾನದಲ್ಲಿ ಬರುವುದಾದರೆ ತಂಬಿಗೆಯನ್ನು ಕೈಚೀಲದಲ್ಲಿ ಬಿಡದೆ ಹೋಗಬಹುದು. ಬೆಸುಗೆ ಸೋರುವುದೂ ಉಂಟು, ಆದ್ದರಿಂದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹಳೆಯ ಪಂಚೆ ಸುತ್ತಿ ದೊಡ್ಡ ಚೀಲದ ನಡುವೆ ಇಡಬೇಕು. ಪಂಚೆಯನ್ನು ಇಲ್ಲಿಂದಲೇ ಕೊಟ್ಟು ಕಳುಹಿಸಿ. ಅವರು ಮರಳಿ ಬಂದ ದಿನ ಅತ್ತೆಯವರ ಕೈಯಲ್ಲೇ ತಂಬಿಗೆಗೆ ಅರಿಶಿನ ಕುಂಕುಮ ಹಚ್ಚಿಸಿ, ಕಾಶಿ ಸಮಾರಾಧನೆಗೆ ನಾಲ್ಕು ಮನೆಯವರನ್ನು ಕರೆಯಿರಿ. ಮೊದಲ ಎಲೆಯನ್ನು ಗಂಗೆ ತಂದವರಿಗೇ ಹಾಕಿ.